ಮದುವೆ ಡಿಸ್ಕಿನ ತಿದ್ದುಪಡಿ

ನಮ್ಮ ಮನೆಯ ಕಂಪ್ಯೂಟರಿಗೆ ವಯಸ್ಸಾಯಿತು, ಇನ್ನು ಅದಕ್ಕೆ ಹೊಸ ಸಿಸ್ಟಂ ಹತ್ತುವುದಿಲ್ಲ, ಗುಜರಿಗೆ ಹಾಕಿಬಿಡಿ ಎಂದು ರಿಪೇರಿಯವನು ಹೇಳಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಕಂಪ್ಯೂಟರು ನನಗಿಂತ ನಲವತ್ತು ವರ್ಷ ಚಿಕ್ಕದು. ಅದನ್ನೇ ಗುಜರಿಗೆ ಹಾಕುವುದಾದರೆ ನನ್ನ ಗತಿಯೇನು? ಹಠ ಹಿಡಿದು ಒಂದು ಪುಸ್ತಕ ತಂದು, ಎರಡು ಭಾನುವಾರ ಬೆನ್ನು ಬಗ್ಗಿಸಿ, ಅದಕ್ಕೆ ಲಿನಕ್ಸ್ ಹಾಕಿದೆ. ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದಾದ, ಒಳಗೇನಿದೆಯೆಂದು ಬಿಚ್ಚಿ ನೋಡಬಹುದಾದ, ಇಷ್ಟವಾಗದಿದ್ದರೆ ತಿದ್ದಿಕೊಳ್ಳಲೂಬಹುದಾದ ವ್ಯವಸ್ಥೆ ಅದು. ನಾನೇನೂ ಬಿಚ್ಚಿ ನೋಡಲಿಲ್ಲ. ಬಿಚ್ಚಬಹುದು ಎಂಬ ಒಂದೇ ಮಾತಿಗೆ ನನ್ನ ಎದೆ ಎರಡಂಗುಲ ಉಬ್ಬಿತು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡಹಗಲೇ ಹಿಡಿದೆ. ಹಾಲಿನವನಿಗೆ, ಅಂಚೆಯವನಿಗೆ, ನಮ್ಮ ಮನೆಯಿಂದ ನೀರು ಸೋರುತ್ತದೆ ಎಂದು ದೂರು ಹೇಳಲು ಬಂದ ಕೆಳಗಿನ ಮನೆಯವರಿಗೆ ಕೂಡ ಓಪನ್ ಸೋರ್ಸ್ ಎಂದರೇನು ಎಂದು ವಿವರಿಸಿದೆ. ನೀರು ಸೋರುತ್ತಲೇ ಇತ್ತು.

ಓದುಗರು ನನ್ನನ್ನು ಕಂಪ್ಯೂಟರ್ ಪಂಡಿತನೆಂದು ತಿಳಿಯಬಾರದು. ನಾನು ಒಂದು ದೊಡ್ಡ ಕಚೇರಿಯ ದಾಖಲೆ ಕೊಠಡಿಯ ಗುಮಾಸ್ತ. ಇಪ್ಪತ್ತೆಂಟು ವರ್ಷದಿಂದ ಕಡತ ಕಾಯುತ್ತಿದ್ದೇನೆ. ನಮ್ಮ ಕೊಠಡಿಯಲ್ಲಿ ಒಂದು ನಿಯಮವಿದೆ. ಕಡತದಿಂದ ಕಾಗದ ತೆಗೆಯಬೇಕಾದರೆ ತೆಗೆಯಿರಿ, ಆದರೆ ಹೊರಗೆ ಬಿಸಾಡಕೂಡದು. ಯಾರು ಹೇಳಿದ್ದಕ್ಕೆ ತೆಗೆದದ್ದು ಎಂದು ಚೀಟಿ ಬರೆದು, ಕಾಗದಕ್ಕೆ ಅಂಟಿಸಿ, ಅದೇ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇಡಬೇಕು. ನಾಳೆ ಯಾರಾದರೂ ಕೇಳಿದರೆ ಗುಮಾಸ್ತನ ಕುತ್ತಿಗೆ ಉಳಿಯಬೇಕಲ್ಲ! ಈ ನಿಯಮ ನನ್ನ ರಕ್ತದಲ್ಲಿ ಸೇರಿಹೋಗಿದೆ. ಮನೆಯಲ್ಲಿ ಸೊಪ್ಪು ಸೋಸಲು ಕೂತರೂ ಕೊಳೆತ ಎಲೆಗಳನ್ನು ಬೇರೆ ತಟ್ಟೆಯಲ್ಲಿಟ್ಟು ಹೆಂಡತಿಗೆ ತೋರಿಸಿಯೇ ಎಸೆಯುತ್ತೇನೆ.

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವುದಿತ್ತು. ಬಡಾವಣೆಯ ಸಂಘದ ಹಾಲಿನಲ್ಲಿ ನೆಂಟರಿಷ್ಟರನ್ನು ಸೇರಿಸಿ, ಮದುವೆಯ ವಿಡಿಯೊ ಹಾಕಿ, ಊಟ ಹಾಕಿ ಕಳಿಸುವುದೆಂದು ತೀರ್ಮಾನವಾಯಿತು. ಹೆಂಡತಿ ಬೀರುವಿನ ಒಳಗಿಂದ ಡಿಸ್ಕ್ ತೆಗೆದಳು. ಗೀರು ಬಿದ್ದು ಅದು ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಅದನ್ನು ಕಂಪ್ಯೂಟರಿಗೆ ಹಾಕಿ, ಪುಸ್ತಕದಲ್ಲಿ ಹೇಳಿದ ಒಂದು ಕಮಾಂಡ್ ಕೊಟ್ಟೆ. ಅದು ಎರಡು ದಿನ ಗೀರಿನೊಂದಿಗೆ ಗುದ್ದಾಡಿ, ಡಿಸ್ಕಿನಲ್ಲಿದ್ದುದನ್ನೆಲ್ಲ ಚಾಚೂ ತಪ್ಪದೆ ಒಂದೇ ಫೈಲಿನೊಳಗೆ ಇಳಿಸಿತು. ಇದಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. ಇಡೀ ಕಡತವನ್ನು ದಾರದ ಸಮೇತ ಮೊಹರು ಮಾಡಿ ಇಟ್ಟ ಹಾಗೆ.

ಆ ಹೊತ್ತಿಗೆ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಬಂದರು. "ಅಷ್ಟಕ್ಕೆಲ್ಲ ಎರಡು ದಿನ ಬೇಕಾ? ಹಲ್ಲಿನ ಪೇಸ್ಟ್ ಹಾಕಿ ಉಜ್ಜಿದ್ರೆ ಗೀರು ಮಾಯ ಆಗುತ್ತೆ" ಎಂದು ಡಿಸ್ಕನ್ನು ಕೈಗೆತ್ತಿಕೊಂಡು ಉಜ್ಜಿದರು. ಚಟ್ ಎಂದಿತು. ಭಾವನ ಎರಡು ಕೈಯಲ್ಲಿ ಎರಡು ಅರ್ಧಚಂದ್ರಗಳಿದ್ದವು.

ಹೆಂಡತಿ ಎರಡೂ ತುಂಡುಗಳನ್ನು ಈಸಿಕೊಂಡು ಸೆರಗಿನಿಂದ ಒರೆಸಿದಳು. ಅವಳ ಅಪ್ಪ ನಮ್ಮ ಮದುವೆಯಾದ ಎಂಟು ತಿಂಗಳಿಗೆ ತೀರಿಕೊಂಡಿದ್ದರು. ಫೋಟೊಗಳು ಬೇಕಾದಷ್ಟಿವೆ, ಆದರೆ ಫೋಟೊ ಮಾತಾಡುವುದಿಲ್ಲ. ಮಾವ ನಡೆದಾಡುವುದು, ನಗುವುದು, ಮಾತಾಡುವುದು ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ.

ನಾನು ಗಂಟಲು ಸರಿಮಾಡಿಕೊಂಡು, "ಹೆದರಬೇಡ. ಎಲ್ಲಾ ಇಮೇಜ್‌ನಲ್ಲಿದೆ" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನಮ್ಮಪ್ಪನ ದನಿ ಇರೋದು ಈಗ ನಿಮ್ಮ ಈ ಹಳೇ ಡಬ್ಬದಲ್ಲಿ ಮಾತ್ರ. ಒಬ್ಬಳೇ ಕೂತು ನೋಡೋಕೆ ನನ್ನ ಕೈಲಿ ಆಗಲ್ಲ, ಎಲ್ಲರ ಜೊತೆ ಅವತ್ತೇ ನೋಡ್ತೀನಿ. ಅಲ್ಲೀವರೆಗೆ ಅದಕ್ಕೇನಾದ್ರೂ ಆದ್ರೆ ನೋಡಿ ಮತ್ತೆ."

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗೊತ್ತಿದ್ದೂ ನಾನು ಬೆಳ್ಳಿಗೇ ಕೈಹಾಕಿದೆ. "ಆಗೋದೇನು ಬಂತು? ಈ ಸಿಸ್ಟಂನಲ್ಲಿ ಇಮೇಜ್ ಇಟ್ಕೊಳ್ಳೋದಷ್ಟೇ ಅಲ್ಲ, ಬಿಚ್ಚಿ ಒಳಗಿರೋದನ್ನ ತಿದ್ದಲೂಬಹುದು. ಬೇಕಾದ್ದು ಇಡಬಹುದು, ಬೇಡದ್ದು ತೆಗೀಬಹುದು" ಎಂದೆ.

ಭಾವನ ಕಿವಿ ನಿಮಿರಿದ್ದು ನನಗೆ ಕಾಣಿಸಿತು.

ಮಾರನೆಯ ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋದದ್ದನ್ನು ನೋಡಿಕೊಂಡೇ ಭಾವ ಬಂದರು. ಅವರು ಈಗ ಬಡಾವಣೆಯ ನಡಿಗೆ ಸಂಘದ ಅಧ್ಯಕ್ಷರು. ಮಿತವಾಗಿ ತಿನ್ನುವುದು ಹೇಗೆ ಎಂದು ಪಾರ್ಕಿನಲ್ಲಿ ಪ್ರತಿ ಶನಿವಾರ ಭಾಷಣ ಮಾಡುತ್ತಾರೆ. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ನೋಡಪ್ಪಾ, ನಿನ್ನ ಮದುವೇಲಿ ನಾನು ಊಟಕ್ಕೆ ಕೂತಿದ್ದು ನೆನಪಿದೆಯಾ?"

"ಎಲ್ಲರೂ ಕೂತಿದ್ರಲ್ಲ ಭಾವ."

"ಎಲ್ಲರೂ ಒಂದು ಸಲ ಕೂತ್ರು. ನಾನು ಮೂರು ಸಲ ಕೂತೆ. ಆ ಹಾಳು ಕ್ಯಾಮೆರಾದವನು ಮೂರನ್ನೂ ಹಿಡಿದಿದಾನೆ. ಸಂಘದವರೆಲ್ಲ ಬರ್ತಾರೆ. ಮೊದಲನೇದು ಇರಲಿ, ಉಳಿದೆರಡು ತೆಗೆದುಬಿಡು."

ಇಮೇಜನ್ನು ಮೌಂಟ್ ಮಾಡಿದೆ. ಎಂದರೆ ಅದನ್ನು ನಿಜವಾದ ಡಿಸ್ಕಿನಂತೆ ಬಿಚ್ಚಿಟ್ಟೆ. ಒಳಗಿನ ವಿಡಿಯೊಗಳೆಲ್ಲ ಸಾಲಾಗಿ ಕಂಡವು. ಭಾವ ಬೆರಳಿಟ್ಟು ತೋರಿಸಿದ್ದನ್ನು ಅಳಿಸಲು ಹೋದೆ. ಅಳಿಸಲು ಬರುವುದಿಲ್ಲ, ಇದು ಓದಲು ಮಾತ್ರ ಎಂದಿತು ಕಂಪ್ಯೂಟರು.

"ನೀನೇ ಯಜಮಾನ ಅಂತ ಹೇಳು" ಎಂದರು ಭಾವ.

ಲಿನಕ್ಸಿನಲ್ಲಿ ಅದಕ್ಕೂ ಒಂದು ವ್ಯವಸ್ಥೆಯಿದೆ. ಕಮಾಂಡಿನ ಮೊದಲಿಗೆ ಸುಡೊ ಎಂದು ಸೇರಿಸಿ ಪಾಸ್‌ವರ್ಡ್ ಕೊಟ್ಟರೆ ನಾವು ಸಾಕ್ಷಾತ್ ಯಜಮಾನರಾಗುತ್ತೇವೆ. ಹಾಗೇ ಮಾಡಿದೆ.

"ಏನಂತೆ?"

"ಯಜಮಾನ ಅಂತ ಒಪ್ಕೊಂಡಿದೆ. ಆದ್ರೂ ಆಗಲ್ವಂತೆ."

"ಹಾಗಾದ್ರೆ ನಮ್ಮ ಮನೆ ಥರಾನೇ ಅನ್ನು" ಎಂದು ಭಾವ ನಿಟ್ಟುಸಿರುಬಿಟ್ಟರು.

ಪುಸ್ತಕ ತೆರೆದು ನೋಡಿದೆ. ಮೊಹರಾದ ಇಮೇಜನ್ನು ಅದರೊಳಗೇ ತಿದ್ದಲು ಬರುವುದಿಲ್ಲವಂತೆ. ಒಳಗಿರುವುದನ್ನೆಲ್ಲ ಒಂದು ಫೋಲ್ಡರಿಗೆ ನಕಲು ಮಾಡಿಕೊಂಡು, ಅಲ್ಲಿ ತಿದ್ದಿ, ಆ ಫೋಲ್ಡರಿನಿಂದ ಹೊಸದೊಂದು ಇಮೇಜ್ ಕಟ್ಟಬೇಕು. ಹಾಗೇ ನಕಲು ಮಾಡಿಕೊಂಡೆ. ಭಾವ ಎಲ್ಲಿಂದ ಎಲ್ಲಿಗೆ ಎಂದು ನಿಮಿಷ ಸೆಕೆಂಡು ಹೇಳಿದರು, ನಾನು ಕತ್ತರಿಸಿದೆ. ಚಿತ್ರ ನೋಡಲಿಲ್ಲ. ಕಡತದ ಗುಮಾಸ್ತ ಪುಟದ ಸಂಖ್ಯೆ ನೋಡುತ್ತಾನೆಯೇ ಹೊರತು ಕಾಗದ ಓದುವುದಿಲ್ಲ. ಓದಲು ಹೋದವರು ಯಾರೂ ನಮ್ಮ ಕೊಠಡಿಯಲ್ಲಿ ಬಡ್ತಿ ಕಂಡಿಲ್ಲ. ಕತ್ತರಿಸಿದ ತುಂಡನ್ನು ಏನು ಮಾಡಬೇಕೆಂದು ನನ್ನ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಫೋಲ್ಡರಿನ ಒಳಗೆ, ಎಲ್ಲಕ್ಕಿಂತ ಮೇಲೆ ಬರುವಂತೆ ಸೊನ್ನೆಯಿಂದ ಶುರುವಾಗುವ ಹೆಸರಿಟ್ಟು ಇನ್ನೊಂದು ಫೋಲ್ಡರ್ ಮಾಡಿ, ತುಂಡಿಗೆ ಯಾರ ಕೋರಿಕೆ ಎಂದು ಹೆಸರು ಬರೆದು ಅದರಲ್ಲಿಟ್ಟೆ.

ಭಾವ ಹೊರಡುವಾಗ ಹೆಂಡತಿ ಎದುರಾದಳು. "ಏನು ಮಾಡ್ತಿದೀರಿ? ಅಪ್ಪನ್ನ ಮುಟ್ಟಿಲ್ಲ ತಾನೇ?"

"ಛೆ ಛೆ, ಇಲ್ಲಪ್ಪ" ಎಂದೆವು ಇಬ್ಬರೂ ಒಟ್ಟಿಗೆ.

ಭಾವ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಲ್ಲ. ಎರಡು ದಿನಕ್ಕೆಲ್ಲ ಹೆಂಡತಿಯ ಸೋದರತ್ತೆ ಬಂದರು. ಅಂದರೆ ಮಾವನ ತಂಗಿ. ನಮ್ಮ ಮದುವೆಯಲ್ಲಿ ತನಗೆ ಕೂರಲು ಒಂದು ಕುರ್ಚಿ ಕೊಡುವವರೇ ಇರಲಿಲ್ಲ ಎಂದು ಅವರು ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಮಗು ಹುಟ್ಟಿದರೆ ಹೇಳುತ್ತಾರೆ, ಯಾರಾದರೂ ಸತ್ತರೆ ಹೇಳುತ್ತಾರೆ. ಯಾರ ಮನೆಗೆ ಹೋದರೂ ಆ ಮಾತಿನ ಬಲದಿಂದ ಅವರಿಗೆ ಮೊದಲ ಕುರ್ಚಿ ಸಿಗುತ್ತದೆ.

"ಅಳಿಯಂದ್ರೇ, ಅದರಲ್ಲಿ ನಾನು ಕೂತಿರೋದು ಕಾಣುತ್ತಂತಲ್ಲ?"

"ಕೂತಿದ್ರಾ ಅತ್ತೆ? ನಿಂತಿದ್ರಿ ಅಂತ ಕೇಳಿದ್ದೆ."

"ನಿಂತಿದ್ದೆ! ಆಮೇಲೆ ಕೂತೆ. ಕೂತಿದ್ದು ಲೆಕ್ಕಕ್ಕಿಲ್ಲ. ಅದನ್ನ ತೆಗೆದುಬಿಡಿ, ನಿಮಗೆ ಪುಣ್ಯ ಬರುತ್ತೆ."

ಪುಣ್ಯ ಯಾರಿಗೆ ಬೇಡ? ತೆಗೆದೆ. ಚೀಟಿ ಬರೆದೆ. ಮೇಲಿಟ್ಟೆ.

ಮೂರನೆಯವರು ಪಕ್ಕದ ಮನೆಯ ನಿವೃತ್ತ ಇನ್ಸ್‌ಪೆಕ್ಟರು. ಅವರನ್ನು ಕಂಡರೆ ಬೀದಿಯ ನಾಯಿಗಳೂ ಸಾಲಾಗಿ ನಿಲ್ಲುತ್ತವೆ. ಬಾಗಿಲು ಹಾಕಿ ಚಿಲಕ ಜಡಿದು, ಕಿಟಕಿಯ ಪರದೆ ಎಳೆದು, ಆಮೇಲೆ ನನ್ನೆದುರು ಕೂತರು. ನಾನು ಮಾಡದ ಅಪರಾಧವನ್ನೆಲ್ಲ ಒಪ್ಪಿಕೊಳ್ಳಲು ತಯಾರಾದೆ.

"ನೋಡಿ ಇವರೇ, ನಿಮ್ಮ ಮದುವೇಲಿ ಬ್ಯಾಂಡ್ ಇತ್ತು."

"ಇತ್ತು ಸಾರ್. ತಪ್ಪಾಯ್ತು ಸಾರ್."

"ಬ್ಯಾಂಡ್ ಮುಂದೆ ಯಾರೋ ಕುಣೀತಿದ್ರು. ಯೂನಿಫಾರಂನಲ್ಲಿದ್ರು." ಅವರು ಒಂದು ಕ್ಷಣ ಕಿಟಕಿಯ ಕಡೆ ನೋಡಿದರು. "ಅದು ಸಾರ್ವಜನಿಕರಿಗೆ ಗೊತ್ತಾಗೋದು ಬೇಡ."

ಸಾರ್ವಜನಿಕ ಹಿತದೃಷ್ಟಿಯಿಂದ ಅದನ್ನೂ ತೆಗೆದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಅಪ್ಪನ್ನ ಮುಟ್ಟಿಲ್ಲ ತಾನೇ?" ಇನ್ಸ್‌ಪೆಕ್ಟರೇ ಎದ್ದು ನಿಂತು, "ಇಲ್ಲ ತಾಯಿ" ಎಂದು ಹೇಳಿಕೆ ಕೊಟ್ಟರು.

ಇಷ್ಟೆಲ್ಲ ಪರರ ಸೇವೆ ಮಾಡಿದ ಮೇಲೆ ನನಗೂ ಒಂದು ಆಸೆ ಹುಟ್ಟಿತು. ಆ ವಿಡಿಯೊದಲ್ಲಿ ಮಾವ ನನ್ನ ಬಗ್ಗೆ ಒಂದು ಮಾತು ಹೇಳಿದ್ದಾರೆ. ಏನು ಹೇಳಿದ್ದರೆಂದು ನನಗೆ ಚೆನ್ನಾಗಿ ನೆನಪಿತ್ತು, ಉಳಿದವರು ಮರೆತಿದ್ದರು. ಸಂಘದ ಹಾಲಿನಲ್ಲಿ, ನಮ್ಮ ಕಚೇರಿಯವರೆದುರು ಅದನ್ನು ಮತ್ತೆ ನೆನಪಿಸಬೇಕೇ? ಒಂದೇ ಒಂದು ಮಾತು ತಾನೇ, ಮಾವ ಉಳಿದ ಕಡೆ ಬೇಕಾದಷ್ಟು ಇರುತ್ತಾರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅದನ್ನೂ ಕತ್ತರಿಸಿದೆ. ಆದರೆ ನಿಯಮ ನಿಯಮವೇ. ನನ್ನ ಹೆಸರಿಗೇ ಚೀಟಿ ಬರೆದು ಅದನ್ನೂ ಮೇಲಿಟ್ಟೆ.

ಹೊಸ ಇಮೇಜ್ ಕಟ್ಟಲು ಹೊರಟರೆ ಜಾಗವಿಲ್ಲ ಎಂದಿತು ಕಂಪ್ಯೂಟರು. ಮುದಿ ಯಂತ್ರ, ಪುಟ್ಟ ಹೊಟ್ಟೆ. ಹಳೆಯ ಇಮೇಜ್, ಅದರ ನಕಲು, ಈಗ ಹೊಸದು, ಮೂರೂ ಹಿಡಿಸುವುದಾದರೂ ಹೇಗೆ? ಎಲ್ಲವೂ ಫೋಲ್ಡರಿನಲ್ಲಿ ಇದೆಯಲ್ಲ ಎಂದುಕೊಂಡು ಹಳೆಯ ಇಮೇಜನ್ನು ಅಳಿಸಿದೆ. ಹೊಸದನ್ನು ಕಟ್ಟಿ, ಹೊಸ ಡಿಸ್ಕಿಗೆ ಇಳಿಸಿ, ಜಾಗ ಇರಲಿ ಎಂದು ಆ ಫೋಲ್ಡರನ್ನೂ ಇಮೇಜನ್ನೂ ಅಳಿಸಿದೆ. ಗುಡಿಸಿ ಸಾರಿಸಿದ ಮನೆಯ ಹಾಗಾಯಿತು ಕಂಪ್ಯೂಟರು. ಒಳಗಿದ್ದ ಆ ತುಂಡುಗಳ ಫೋಲ್ಡರೂ ಹೊಸ ಡಿಸ್ಕಿನ ಜೊತೆ ಹೊರಟಿತೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಆ ದಿನ ಸಂಘದ ಹಾಲ್ ಜನರಿಂದ ತುಂಬಿತ್ತು. ಸೋದರತ್ತೆ ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಕೂತು, ಪಕ್ಕದವರಿಗೆ ಇಪ್ಪತ್ತೈದು ವರ್ಷದ ಹಿಂದೆ ತಾನು ನಿಂತ ಕಥೆ ಹೇಳುತ್ತಿದ್ದರು. ಭಾವ ನಾಲ್ಕು ಮಾತಾಡಿ, ನಾಲಿಗೆಯನ್ನು ಗೆದ್ದವನು ಲೋಕವನ್ನೇ ಗೆದ್ದ ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ನಾನು ಎದ್ದು, ಈ ವಿಡಿಯೊವನ್ನು ಸಂಪೂರ್ಣವಾಗಿ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಸಿದ್ಧಪಡಿಸಲಾಗಿದೆ ಎಂದು ಘೋಷಿಸಿದೆ. ಅದಕ್ಕೆ ಚಪ್ಪಾಳೆ ಬೀಳಲಿಲ್ಲ. ಹೆಂಡತಿ ಮಡಿಲಲ್ಲಿ ಕರವಸ್ತ್ರ ಸಿದ್ಧವಾಗಿಟ್ಟುಕೊಂಡು ಕೂತಿದ್ದಳು.

ಡಿಸ್ಕನ್ನು ಪ್ಲೇಯರಿಗೆ ಹಾಕಿದೆ. ಆ ಪ್ಲೇಯರು ಮಹಾ ಶಿಸ್ತಿನದು. ಡಿಸ್ಕಿನಲ್ಲಿ ಮೇಲಿನಿಂದ ಏನಿದೆಯೋ ಅದೇ ಕ್ರಮದಲ್ಲಿ, ಒಂದೊಂದರ ಹೆಸರನ್ನೂ ಮೊದಲು ದೊಡ್ಡ ಅಕ್ಷರದಲ್ಲಿ ತೋರಿಸಿ, ಆಮೇಲೆ ಹಾಕುತ್ತದೆ. ಗೋಡೆಯಷ್ಟಗಲದ ಪರದೆಯ ಮೇಲೆ ನನ್ನದೇ ಕಚೇರಿ ಭಾಷೆ ಬೆಳಗಿತು.

"ಒಂದು. ಭಾವನವರ ಕೋರಿಕೆಯ ಮೇರೆಗೆ ತೆಗೆದದ್ದು: ಎರಡನೇ ಮತ್ತು ಮೂರನೇ ಊಟ."

ನಡಿಗೆ ಸಂಘದ ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಗಟ್ಟಿಯಾಗಿ ಓದಿದರು. ಅಲ್ಲಿಗೆ ಓದಲು ಬಾರದವರಿಗೂ ವಿಷಯ ತಿಳಿಯಿತು.

"ನಿಲ್ಲಿಸೋ ಅದನ್ನ!" ಎಂದು ಭಾವ ಕೂಗಿದರು. ತಮ್ಮ ಸರದಿ ಎಷ್ಟನೆಯದೆಂದು ತಕ್ಷಣ ಅರ್ಥಮಾಡಿಕೊಂಡ ಇನ್ಸ್‌ಪೆಕ್ಟರು, ನಿವೃತ್ತರೆಂಬುದನ್ನು ಮರೆತು ಎರಡು ಕುರ್ಚಿ ಹಾರಿ ರಿಮೋಟಿಗೆ ಕೈಹಾಕಿದರು. "ಯಾರು ಹೇಳಿದ್ದು ಕುರ್ಚಿ ತೆಗೆಯೋಕೆ? ನಾನು ಹೇಳೇ ಇಲ್ಲ" ಎಂದು ಸೋದರತ್ತೆ, ಯಾರೂ ಕೇಳದಿದ್ದರೂ, ಮುಂಗಡವಾಗಿ ಕಿರುಚಿದರು.

ಆಗ ಪರದೆಯ ಮೇಲೆ ಮಾವ ಕಾಣಿಸಿಕೊಂಡರು.

ಕೈಯಲ್ಲಿ ಬಡಿಸುವ ಸೌಟು ಹಿಡಿದು, ಆಗಿನ್ನೂ ಕಡ್ಡಿಯಂತಿದ್ದ ಭಾವನ ಭುಜ ಅದುಮಿ ಕೂರಿಸುತ್ತಿದ್ದರು. "ಮೊದಲನೇ ಸಲ ನೆಂಟರ ಜೊತೆ ಮಾತಾಡ್ಕೊಂಡು ಏನೂ ತಿನ್ನಲಿಲ್ಲ ನೀನು. ಎರಡನೇ ಸಲ ಅರ್ಧಕ್ಕೇ ಯಾರೋ ಕರೆದ್ರು ಅಂತ ಎದ್ದುಹೋದೆ. ಈಗ ಕೂತ್ಕೋ, ನಾನೇ ಬಡಿಸ್ತೀನಿ. ಯಾರೂ ನೋಡಲ್ಲ" ಎಂದು ಕ್ಯಾಮೆರಾಕ್ಕೆ ಬೆನ್ನು ಅಡ್ಡ ಹಿಡಿದರು.

ಹೆಂಡತಿ ಎದ್ದಳು. ನೇರವಾಗಿ ಹೋಗಿ ಇನ್ಸ್‌ಪೆಕ್ಟರ ಕೈಯಿಂದ ರಿಮೋಟ್ ಕಿತ್ತುಕೊಂಡು, ತನ್ನ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು. "ಯಾರೂ ಮುಟ್ಟಬೇಡಿ" ಎಂದಳು. ಮೂವತ್ತು ವರ್ಷ ಲಾಠಿ ಹಿಡಿದ ಮನುಷ್ಯ ಸದ್ದಿಲ್ಲದೆ ಹೋಗಿ ತಮ್ಮ ಜಾಗದಲ್ಲಿ ಕೂತರು.

"ಎರಡು. ಸೋದರತ್ತೆಯವರ ಮೌಖಿಕ ಆದೇಶದಂತೆ ತೆಗೆದದ್ದು: ಕುರ್ಚಿ." ಮಾವ ಒಂದು ಕಬ್ಬಿಣದ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಜನರ ನಡುವೆ ನುಗ್ಗಿ ಬರುತ್ತಿದ್ದರು. "ದಾರಿ ಬಿಡ್ರಪ್ಪಾ, ನನ್ನ ತಂಗಿ ಆವಾಗಿಂದ ನಿಂತಿದಾಳೆ!" ಕುರ್ಚಿ ಇಳಿಸಿ, ತಮ್ಮದೇ ಕರವಸ್ತ್ರದಿಂದ ಒರೆಸಿ, "ಕೂತ್ಕೊಳೇ, ನಿಂಗೆ ಮೊದಲೇ ಮಂಡಿ ನೋವು" ಎಂದರು. ಹಾಲಿನಲ್ಲಿ ಎಲ್ಲರೂ ಸೋದರತ್ತೆಯ ಕಡೆ ತಿರುಗಿದರು. ಅವರು, "ಆ ಕುರ್ಚಿದು ಒಂದು ಕಾಲು ಅಲ್ಲಾಡ್ತಿತ್ತು" ಎಂದರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

"ಮೂರು. ಪಕ್ಕದ ಮನೆಯ ಇನ್ಸ್‌ಪೆಕ್ಟರ್ ಸಾಹೇಬರ ಅತ್ಯಂತ ಗೋಪ್ಯ ಸೂಚನೆಯಂತೆ ತೆಗೆದದ್ದು: ಕುಣಿತ." ಇನ್ಸ್‌ಪೆಕ್ಟರು ಬ್ಯಾಂಡಿನ ಮುಂದೆ ಒಂದು ಕಾಲೆತ್ತಿದ್ದರು. ಅವರ ಟೋಪಿ ಮಾವನ ತಲೆಯ ಮೇಲಿತ್ತು. ಮಾವ ಅದರಲ್ಲೇ ಸೆಲ್ಯೂಟ್ ಹೊಡೆದು, ತಾವೂ ಕುಣಿದು, ತಾಳ ತಪ್ಪಿ ಡೋಲಿನವನ ಮೇಲೆ ಬಿದ್ದರು. ಹಾಲೆಲ್ಲ ನಗು. ಇನ್ಸ್‌ಪೆಕ್ಟರ ಮೊಮ್ಮಗಳು, "ತಾತ, ಈಗ ಇಲ್ಲಿ ಕುಣೀರಿ" ಎಂದು ಅವರ ತೋಳು ಎಳೆಯತೊಡಗಿದಳು.

ನಾಲ್ಕನೆಯದು ಏನೆಂದು ಆ ಹಾಲಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಾಗಿಲು ಯಾವ ಕಡೆಗಿದೆ ಎಂದು ನೋಡಿಕೊಂಡೆ. ನಡುವೆ ನಮ್ಮ ಕಚೇರಿಯವರು ಎರಡು ಸಾಲು ಕೂತಿದ್ದರು.

"ನಾಲ್ಕು. ಸ್ವಂತ ಇಚ್ಛೆಯಿಂದ ತೆಗೆದದ್ದು: ಮಾವನ ಅಭಿಪ್ರಾಯ."

ಕ್ಯಾಮೆರಾದವನು ಮಾವನನ್ನು ಕೇಳುತ್ತಿದ್ದ. "ಅಳಿಯಂದ್ರು ಹೇಗೆ ಸಾರ್?" ಮಾವ ಹಿಂತಿರುಗಿ ನೋಡಿದರು. ಹಿಂದೆ ನಾನು ಹೊಸ ಕೋಟಿನ ಎಡತೋಳಿಗೆ ಬಲಗೈ ತೂರಿಸಲು ಹೆಣಗಾಡುತ್ತ, ಸುತ್ತ ಸುತ್ತ ತಿರುಗುತ್ತಿದ್ದೆ. ಮಾವ ಇಡೀ ಒಂದು ಸುತ್ತು ನೋಡಿದರು. ಆಮೇಲೆ ಕ್ಯಾಮೆರಾ ಕಡೆ ತಿರುಗಿ, "ಹುಡುಗ ಪೆದ್ದ" ಎಂದರು.

ಕಚೇರಿಯ ಎರಡು ಸಾಲುಗಳೂ ಒಂದೇ ಸಲಕ್ಕೆ ಹೋ ಎಂದವು.

"ಪರವಾಗಿಲ್ಲ" ಎಂದು ಮಾವ ಮುಂದುವರಿಸಿದರು. "ನನ್ನ ಮಗಳ ಹತ್ರ ಇಬ್ಬರಿಗಾಗುವಷ್ಟು ಬುದ್ಧಿ ಇದೆ." ಕಣ್ಣು ಕಿರಿದು ಮಾಡಿ, ಕ್ಯಾಮೆರಾದ ಆಚೆ ಎಲ್ಲೋ ನಿಂತಿದ್ದ ಮಗಳನ್ನು ಹುಡುಕಿ ನಕ್ಕು ಕೇಳಿದರು. "ಅಲ್ವೇನೇ, ಮಗಳೇ?"

"ಹೂಂ ಅಪ್ಪ" ಎಂದಳು ಹೆಂಡತಿ. ಹಾಲಿನಲ್ಲಿ, ಎಲ್ಲರೆದುರಿಗೆ, ಗಟ್ಟಿಯಾಗಿ.

ಅದರ ಹಿಂದೆಯೇ ತಿದ್ದುಪಡಿಯಾದ ವಿಡಿಯೊ ಶುರುವಾಯಿತು. ಅಂದವಾಗಿತ್ತು. ಎಲ್ಲರೂ ಒಂದೇ ಸಲ ಉಂಡಿದ್ದರು, ಯಾರೂ ಕುಣಿಯಲಿಲ್ಲ, ನಾನು ಕೋಟನ್ನು ಸರಿಯಾಗಿ ತೊಟ್ಟಿದ್ದೆ. ಹತ್ತು ನಿಮಿಷ ನೋಡಿದ ಮೇಲೆ ಹೆಂಡತಿ ಕೇಳಿದಳು.

"ಇದರಲ್ಲಿ ಅಪ್ಪ ಎಲ್ಲಿ?"

ಧಾರೆಯ ಹೊತ್ತಿನಲ್ಲಿ ನೆಂಟರ ಬೆನ್ನುಗಳೇ ಕ್ಯಾಮೆರಾಕ್ಕೆ ಅಡ್ಡವಾಗಿದ್ದವು. ಎಲ್ಲೋ ಒಂದು ಕಡೆ ಮೊಣಕೈ ಕಾಣಿಸಿತು. ಅದು ಮಾವನದೇ ಎಂದು ಭಾವ ವಾದಿಸಿದರು, ಅಡುಗೆಯವನದು ಎಂದರು ಸೋದರತ್ತೆ. ಎಲ್ಲೆಲ್ಲಿ ಗಲಾಟೆಯಿತ್ತೋ ಅಲ್ಲೆಲ್ಲ ಮಾವ ಇದ್ದರು. ಗಲಾಟೆಯನ್ನು ತೆಗೆಯಲು ಹೋಗಿ ನಾವು ನಾಲ್ಕು ಜನ ಸೇರಿ ಅವರನ್ನೇ ತೆಗೆದುಹಾಕಿದ್ದೆವು.

"ಮೂಲದ ಇಮೇಜ್ ಇದೆಯಲ್ಲ?" ಎಂದಳು ಹೆಂಡತಿ.

"ಜಾಗ ಇರಲಿಲ್ಲ" ಎಂದೆ. "ಅಳಿಸಿಬಿಟ್ಟೆ."

"ಹಾಗಾದ್ರೆ ಆ ತುಂಡುಗಳನ್ನೂ ನೀವು ಬಿಸಾಕಿದ್ದಿದ್ರೆ?"

ಭಾವ ತಲೆ ತಗ್ಗಿಸಿದರು. ಇನ್ಸ್‌ಪೆಕ್ಟರು ಮೊಮ್ಮಗಳ ಕೂದಲು ಸರಿಮಾಡತೊಡಗಿದರು. ಹೆಂಡತಿ ನನ್ನನ್ನೇ ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ಬ್ಯಾಗಿನ ಜಿಪ್ ಎಳೆದು, ರಿಮೋಟ್ ತೆಗೆದು ನನ್ನ ಕೈಗಿಟ್ಟಳು.

"ಇದನ್ನ ನಿಲ್ಲಿಸಿ. ಮೊದಲನೇದರಿಂದ ಹಾಕಿ" ಎಂದಳು. "ಅಪ್ಪ ಇರೋದನ್ನ."

ಹಾಕಿದೆ. ಎರಡನೇ ಸಲ ಭಾವ ತಮ್ಮ ಮೂರನೇ ಊಟಕ್ಕೆ ಕೂತಾಗ ಸಂಘದ ಕಾರ್ಯದರ್ಶಿಯೇ ಚಪ್ಪಾಳೆ ತಟ್ಟಿದರು. ಮೂರನೇ ಸಲಕ್ಕೆ ಇನ್ಸ್‌ಪೆಕ್ಟರು ಎದ್ದು ಪರದೆಯ ಮುಂದೆ ಒಂದು ಕಾಲೆತ್ತಿಯೇಬಿಟ್ಟರು. ಊಟ ತಣ್ಣಗಾಗುತ್ತಿದೆ ಎಂದು ಅಡುಗೆಯವರು ಬಂದು ಕರೆದರು, ಅವರೂ ನಿಂತು ನೋಡಿದರು. ಆ ಸಂಜೆ ತುಂಬಿದ ಸಭೆಯಲ್ಲಿ ಮಾವ ನನ್ನನ್ನು ಐದು ಸಲ ಪೆದ್ದ ಎಂದರು. ಐದನೆಯ ಸಲ ಆ ಮಾತನ್ನು ಅವರ ಜೊತೆಗೇ ನಾನೂ ಗಟ್ಟಿಯಾಗಿ ಹೇಳಿದೆ, ಪಕ್ಕದಲ್ಲಿ ಕೂತಿದ್ದ ಅವರ ಮಗಳು ನನ್ನ ಕೈ ಹಿಡಿದುಕೊಂಡು ಹೂಂ ಎಂದಳು.